ಅಕ್ಕನನ್ನು ಆರು ಸಲ ಕೊಂದದ್ದು

ಸ್ಟೀಲ್ ಲೋಟದ ಒಳಗೆ, ಬಾಯಿಯಿಂದ ಎರಡು ಬೆರಳು ಕೆಳಗೆ, ಕೈವಾರದ ಮೊನೆಯಿಂದ ಗೀಚಿದ ಒಂದು ಗೆರೆ. ನನ್ನ ಪಾಲಿನ ಬಾದಾಮಿ ಹಾಲು ಅಲ್ಲಿಗೆ ನಿಲ್ಲಬೇಕು. ಗೀಚಿದವಳು ಅಕ್ಕ, ಅವಳಿಗೆ ಆಗ ಹನ್ನೊಂದು, ನನಗೆ ಆರು. ಅವಳ ಲೋಟದಲ್ಲಿ ಗೆರೆಯೇ ಇರಲಿಲ್ಲ! ಕೇಳಿದರೆ, "ನಾನು ದೊಡ್ಡೋಳು, ನನಗೆ ಅಂದಾಜು ಗೊತ್ತಾಗತ್ತೆ" ಎಂದಳು.

ಕಥೆ ಬರೆಯಲು ಸ್ಫೂರ್ತಿ ಏನು ಎಂದು ಯಾರಾದರೂ ಕೇಳಿದರೆ ತಾತ, ಲೈಬ್ರರಿ, ಏಕಾಂತ ಎಂದು ಮರ್ಯಾದೆಯ ಉತ್ತರ ಕೊಡುತ್ತೇನೆ. ಎಲ್ಲ ಸುಳ್ಳು. ನನ್ನನ್ನು ಬರೆಯಲು ಹಚ್ಚಿದ್ದು ಅಕ್ಕನ ಮೇಲಿನ ಹೊಟ್ಟೆಕಿಚ್ಚು. ಕಥೆಗೆ ಇಷ್ಟು ಫಲವತ್ತಾದ ಅಕ್ಕ ಮದರಾಸಿನಲ್ಲೇ ಇನ್ನೊಬ್ಬಳಿಲ್ಲ!

ಪೈಪೋಟಿಯಿಲ್ಲದೆ ಅವಳಿಗೆ ಉಸಿರಾಡಲು ಬರುವುದಿಲ್ಲ. ನನಗೆ ನೂರೊಂದು ಜ್ವರ ಬಂದರೆ ಸಂಜೆಯೊಳಗೆ ಅವಳಿಗೆ ನೂರೆರಡು. ನನ್ನ ಹಾಲುಹಲ್ಲು ಬಿದ್ದ ದಿನ, ಅಲ್ಲಾಡದ ತನ್ನ ಹಲ್ಲಿಗೆ ದಾರ ಕಟ್ಟಿ ಬೀರುವಿನ ಬಾಗಿಲಿಗೆ ಬಿಗಿದು ಎಳೆದಳು. ಹಲ್ಲು ಬರಲಿಲ್ಲ, ಬೀರುವಿನ ಹಿಡಿ ಬಂತು. ಈಗ ಅವಳದು ಅಣ್ಣಾ ನಗರದಲ್ಲಿ ಸಂಸಾರ, ನಾನಿರುವುದು ಕೀಲ್ಪಾಕ್‌ನಲ್ಲಿ. ಫೋನ್ ಎತ್ತಿದರೆ ಮೊದಲ ಮಾತು, "ಕೀಲ್ಪಾಕ್‌ನಲ್ಲಿ ತಣ್ಣಿ ಬಂತಾ? ನಮಗೆ ನಲ್ಲಿ ನೀರು ಆರಕ್ಕೇ ಬಂತು!"

ಒಂದರಲ್ಲಿ ಮಾತ್ರ ನಾನು ಗೆದ್ದಿದ್ದೆ. ಶಾಲೆಯಲ್ಲಿ ಇಬ್ಬರೂ ತಮಿಳು ಓದಿದವರೇ. ತಾತ ಕನ್ನಡ ಅಕ್ಷರ ಕಲಿಸಲು ಕೂರಿಸಿಕೊಂಡಾಗ ಅಕ್ಕ, "ಇದಕ್ಕೆ ಮಾರ್ಕ್ಸ್ ಇದೆಯಾ?" ಎಂದು ಕೇಳಿ ಎದ್ದುಹೋದಳು. ಅಂದಿನಿಂದ ಕನ್ನಡ ಲಿಪಿ ನನ್ನ ಖಾಸಗಿ ಕೋಟೆ. ಅದರೊಳಗೆ ಕೂತು ಆರು ಕಥೆಗಳಲ್ಲಿ ಆರು ಅಕ್ಕಂದಿರನ್ನು ಕೊಂದೆ. ಒಬ್ಬಳು ಬಾವಿಗೆ ಬಿದ್ದಳು, ಒಬ್ಬಳು ಮೆಟ್ಟಿಲಿನಿಂದ ಉರುಳಿದಳು, ಒಬ್ಬಳು ಬರೀ ಅಜೀರ್ಣದಿಂದ ಸತ್ತಳು. ಅಕ್ಕ ಪ್ರತಿ ಕಥೆಯ ಫೋಟೋ ತೆಗೆದು, "ನಮ್ಮ ಪುಟ್ಟಿ ಬರೆದದ್ದು, ಸೂಪರ್!" ಎಂದು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ, ನೆಂಟರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದಳು. ಮೈಸೂರಿನ ಚಿಕ್ಕಮ್ಮ ನನಗೆ ಗುಟ್ಟಾಗಿ ಫೋನ್ ಮಾಡಿದರು. "ಏನೇ, ಈ ಸಲ ಅಜೀರ್ಣವಾ?"

ಕಳೆದ ತಿಂಗಳು ಎಗ್ಮೋರ್‌ನಲ್ಲಿ ಕನ್ನಡದವರು ಸೇರಿ ಕಥೆ ಓದಲು ಕರೆದರು. ಹೊಸ ಕಥೆ ಒಯ್ದೆ. ರೈಲ್ವೆ ಪ್ಲಾಟ್‌ಫಾರ್ಮಿನ ಜನಜಂಗುಳಿಯಲ್ಲಿ ಅಕ್ಕ ಬೇಕೆಂದೇ ಪುಟ್ಟ ತಂಗಿಯ ಕೈ ಬಿಡುತ್ತಾಳೆ. ಕೊನೆಯಲ್ಲಿ, ವಾಡಿಕೆಯಂತೆ, ಸಾಯುತ್ತಾಳೆ. ಸಾವೊಂದು ಬಿಟ್ಟರೆ ಉಳಿದದ್ದು ನಮ್ಮದೇ ಕಥೆ. ನಾನು ಆರನೆಯ ವಯಸ್ಸಿನಲ್ಲಿ ಹಾಗೆ ಒಂದು ಗಂಟೆ ಕಳೆದುಹೋಗಿದ್ದೆ.

ಮೈಕಿನ ಮುಂದೆ ನಿಂತು ನೋಡಿದರೆ ಮೊದಲ ಸಾಲಿನಲ್ಲಿ ಅಕ್ಕ, ರೇಷ್ಮೆ ಸೀರೆ ಉಟ್ಟು! ಆಗ ಹೊಳೆಯಿತು. ಅವಳಿಗೆ ಕನ್ನಡ ಓದಲು ತಾನೇ ಬರುವುದಿಲ್ಲ? ಕಿವಿ ಚೆನ್ನಾಗಿಯೇ ಇದೆಯಲ್ಲ! ಬೇರೆ ಕಥೆ ತಂದಿರಲಿಲ್ಲ. ತಂದಿದ್ದರೂ ಅದರಲ್ಲೂ ಸಾಯುತ್ತಿದ್ದಳು.

ತಲೆಯೆತ್ತದೆ ಓದಿ ಮುಗಿಸಿದೆ. ಇರುವವಳು ಒಬ್ಬಳೇ ಅಕ್ಕ. ಇನ್ನು ಮಾತಾಡಿಸುತ್ತಾಳೋ ಇಲ್ಲವೋ.

ವಾಪಸು ಹೊರಟಾಗ ಆಟೋದಲ್ಲಿ ಅವಳು ಮೊದಲು ಸೀರೆಯ ನೆರಿಗೆ ಸರಿಮಾಡಿಕೊಂಡಳು. ಆಮೇಲೆ ಹೇಳಿದಳು, "ಕಥೇಲಿ ಒಂದು ತಪ್ಪಿದೆ ಕಣೇ."

"ಯಾವುದು?"

"ನಾನೆಲ್ಲಿ ಕೈ ಬಿಟ್ಟೆ? ಇಂಜಿನ್ ನೋಡಬೇಕು ಅಂತ ನೀನೇ ಕಿತ್ಕೊಂಡು ಓಡಿದ್ದು. ನೀನು ಸಿಕ್ಕಿದ ಮೇಲೆ ಅಪ್ಪ ಬೆಲ್ಟ್‌ಗೆ ಕೈ ಹಾಕಿದ್ರು. ನಾನೇ ಬಿಟ್ಟೆ ಅಂದ್ಬಿಟ್ಟೆ."

"ಯಾಕಕ್ಕಾ?"

"ಇಷ್ಟೇ ಇಷ್ಟುದ್ದ ಇದ್ದೆ ನೀನು. ತಡ್ಕೊಳ್ತಿದ್ಯಾ?" ಎಂದು ಹೊರಗೆ ನೋಡಿದಳು. ಮರುಕ್ಷಣವೇ, "ಏಟು ತಿನ್ನೋದ್ರಲ್ಲೂ ನಾನೇ ಫಸ್ಟ್, ಬರ್ಕೋ!"

ಇಪ್ಪತ್ತು ವರ್ಷ ಮನೆಯವರೆಲ್ಲ ಹೇಳುತ್ತ ಬಂದದ್ದನ್ನೇ ನಾನು ನನ್ನ ನೆನಪು ಎಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಆ ಒಂದು ವಾಕ್ಯ ತಿದ್ದಿದೆ. 'ತಂಗಿ ಕೈ ಕಿತ್ತುಕೊಂಡು ಓಡಿದಳು.' ತಿದ್ದಿದ ಮೇಲೆ ಅಕ್ಕ ಸಾಯಲು ಕಾರಣವೇ ಉಳಿಯಲಿಲ್ಲ. ಕೊನೆಯ ನಾಲ್ಕು ಪುಟ ತೆಗೆದುಹಾಕಿದೆ. ಕಥೆ ಹಾಳಾಯಿತು. ಹಾಗೆಯೇ ಪತ್ರಿಕೆಗೆ ಕಳಿಸಿದೆ.