ಚಳಿಗೆ ಇಳಿದ ಮೈಲೇಜು

ಡಿಸೆಂಬರ್ ಒಂದು, ಸೋಮವಾರ. ಮೋಡ, ಜಿನುಗು ಮಳೆ, ಹಲಸೂರು ಕೆರೆಯ ಆಚೆ ದಡ ಕಾಣದಷ್ಟು ಮಂಜು.

ಕಾರಿಗೆ ಏನಾದರೂ ಆದರೆ ಈ ಊರಿನಲ್ಲಿ ಎಲ್ಲರೂ ವೈದ್ಯರಾಗುತ್ತಾರೆ. ಅಂಥವರ ಕೈಗೆ ನಾನು ಮತ್ತೆ ಮತ್ತೆ ಸಿಗುತ್ತಿರುತ್ತೇನೆ. ಆ ದಿನ ಪೆಟ್ರೋಲ್ ಹಾಕಿಸಿ ಲೆಕ್ಕ ನೋಡಿದರೆ, ಲೀಟರಿಗೆ ಹದಿನಾಲ್ಕು ಕೊಡುತ್ತಿದ್ದ ಗಾಡಿ ಹತ್ತಕ್ಕೆ ಇಳಿದಿತ್ತು. ಅದೇ ಹಲಸೂರಿನ ಮನೆ, ಅದೇ ಕೆ.ಆರ್. ಪುರದ ಆಫೀಸು, ನಡುವೆ ಅದೇ ಟ್ರಾಫಿಕ್ಕು. ಓಡಿಸುವವನು ನಾನೊಬ್ಬನೇ.

"ಮಾರಿಬಿಡಿ," ಅಂದಳು ಹೆಂಡತಿ. "ಈ ತಿಂಗಳೊಳಗೆ ಸರಿಹೋಗ್ಲಿಲ್ಲ ಅಂದ್ರೆ ನಾನೇ ಗಿರಾಕಿ ಕರೀತೀನಿ. ಮೆಟ್ರೋದಲ್ಲಿ ಹೋಗಿ."

ಮೆಟ್ರೋದಲ್ಲಿ ಪಕ್ಕದವರ ಫೋನು, ಆಫೀಸಿನಲ್ಲಿ ಮೀಟಿಂಗು, ಮನೆಯಲ್ಲಿ ಟಿವಿ. ಯಾರ ಮಾತೂ ಕಿವಿಗೆ ಬೀಳದ ಜಾಗ ನನಗೆ ಈ ಭೂಮಿಯ ಮೇಲೆ ಉಳಿದಿದ್ದು ಆ ಕಾರೊಂದೇ. ಅದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಮಾವನವರು ನಮ್ಮ ಜೊತೆಗೇ ಇದ್ದಾರೆ. ಸಕ್ಕರೆ ಕಾಯಿಲೆ, ದಿನಾ ಬೆಳಗ್ಗೆ ಒಂದು ಗಂಟೆ ಕೆರೆ ಕಡೆ ನಡೆಯಬೇಕೆಂದು ಡಾಕ್ಟರ ಅಪ್ಪಣೆ. ವಾಕಿಂಗ್ ಮುಗಿಸಿ ಬಂದವರು ಮಂಕಿ ಕ್ಯಾಪ್ ತೆಗೆಯುತ್ತಾ ತಮ್ಮದೊಂದು ಮಾತು ಸೇರಿಸಿದರು: "ಚಳಿಗಾಲ ಅಳಿಯಂದ್ರೇ. ಗಾಡಿಗೂ ಹಸಿವು ಜಾಸ್ತಿ."

ಬಂಕು

ಮೊದಲ ಸಿಟ್ಟು ಪೆಟ್ರೋಲ್ ಬಂಕಿನ ಮೇಲೆ. ಗಿರಾಕಿ ಕೇಳಿದರೆ ಐದು ಲೀಟರಿನ ಅಳತೆ ಪಾತ್ರೆಗೆ ಹಿಡಿದು ತೋರಿಸಬೇಕು. ಕೇಳಿದೆ. ಬಂಕಿನವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಳಗಿನಿಂದ ಪಾತ್ರೆ ತಂದು, ಧೂಳು ಒರೆಸಿ, ಹಿಡಿದ. ಸರಿಯಾಗಿ ಗೆರೆಗೆ ಬಂದು ನಿಂತಿತು. ಬಗ್ಗಿ ನೋಡಿದೆ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಗೆರೆ ಅಲ್ಲಾಡಲಿಲ್ಲ. ಹಿಂದೆ ಸಾಲು ರಸ್ತೆಯವರೆಗೆ ಬೆಳೆದು ಹಾರನ್ ಶುರುವಾಗಿತ್ತು.

"ಇನ್ನೊಂದು ಸಲ ಹಿಡಿ," ಅಂದೆ ಹಲ್ಲು ಕಚ್ಚಿ.

ಹಿಂದೆ ಸ್ಕೂಟರಿನಲ್ಲಿದ್ದವನು ಕೂಗಿದ: "ಸಾರ್, ಬೆರಳು ಅದ್ದಿ ನೋಡ್ಬಿಡಿ! ನಮ್ಮಜ್ಜಿ ಹಾಲಿನೋನ ಹತ್ರ ಹಂಗೇ ಮಾಡ್ತಿದ್ದಿದ್ದು!"

ಗಾಳಿ

ಚಳಿಗೆ ಟೈರಿನ ಗಾಳಿ ಕುಗ್ಗುತ್ತದೆ, ಕುಗ್ಗಿದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಇದು ನಿಜ, ಓದಿದ್ದೆ. ಇಂದಿರಾನಗರದ ಟೈರ್ ಅಂಗಡಿಗೆ ಹೋದೆ. ಟೈ ಕಟ್ಟಿಕೊಂಡವನೊಬ್ಬ ಬಂದ.

"ಮಾಮೂಲಿ ಗಾಳಿ ಬೇಡ ಸಾರ್. ನೈಟ್ರೋಜನ್ ಹಾಕಿಸ್ಕೊಳ್ಳಿ."

"ಮಾಮೂಲಿ ಗಾಳೀಲಿ ಮುಕ್ಕಾಲಿಗಿಂತ ಹೆಚ್ಚು ನೈಟ್ರೋಜನ್ನೇ ಇರೋದು," ಅಂದೆ.

"ಮಿಕ್ಕಿದ್ದು?"

"ಆಮ್ಲಜನಕ."

"ಅದನ್ನೇ ಸಾರ್ ನಾವು ತೆಗೆಯೋದು."

"ತೆಗೆದಿದ್ದಕ್ಕೆ ನಾನ್ಯಾಕೆ ದುಡ್ಡು ಕೊಡ್ಬೇಕು?"

ಅವನು ನನ್ನನ್ನು ಕನಿಕರದಿಂದ ನೋಡಿದ. "ಕಟಿಂಗ್ ಶಾಪಲ್ಲಿ ಏನ್ ಸಾರ್, ಕೂದಲು ಸೇರಿಸಿ ದುಡ್ಡು ತಗೋತಾರಾ?"

ನನಗೆ ಬೋಳು ತಲೆ. ಮಾಮೂಲಿ ಗಾಳಿ ಹಾಕಿಸಿಕೊಂಡು ಬಂದೆ. ಮೈಲೇಜು ಹತ್ತರಲ್ಲೇ ನಿಂತಿತು.

ಇಂಜಿನ್

ಶಿವಾಜಿನಗರದ ಮೆಕ್ಯಾನಿಕ್ ಬಾನೆಟ್ ಎತ್ತಿ, ಒಳಗೆ ಕಿವಿ ಇಟ್ಟು, ಕಣ್ಣು ಮುಚ್ಚಿ ನಿಂತರು.

"ತಕಲೀಫ್ ಏನು ಸಾಬ್?"

"ಮೈಲೇಜು. ಮಿಕ್ಕಿದ್ದೆಲ್ಲಾ ಚೆನ್ನಾಗಿದೆ. ಈ ಚಳೀಲೂ ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ. ನಾನು ಹತ್ತೋ ಹೊತ್ತಿಗೆ ಸೀಟು ಕೂಡ ಬೆಚ್ಚಗಿರುತ್ತೆ."

ಅವರು ಕಣ್ಣು ತೆರೆದರು. "ಅದೇ ಸಾಬ್ ಖರಾಬಿ. ಇಂಜಿನ್ ಗರಮಿ ಒಳಗೆ ಲೀಕ್ ಆಗ್ತಾ ಇದೆ. ಬಿಚ್ಚಲೇಬೇಕು."

"ಖರ್ಚು?"

ಹೇಳಿದರು. ಆ ದುಡ್ಡಿಗೆ ನನ್ನದಕ್ಕಿಂತ ಒಳ್ಳೆಯ ಹಳೇ ಕಾರು ಸಿಗುತ್ತದೆ ಅಂದೆ, ಸಿಟ್ಟಿನಿಂದಲೇ.

"ಸಿಗುತ್ತೆ ಸಾಬ್," ಅಂದರು ಸಮಾಧಾನವಾಗಿ. "ಅದನ್ನೂ ಇಲ್ಲಿಗೇ ತನ್ನಿ, ಬಿಚ್ಚೋಣ."

ಶುಕ್ರವಾರ ಗ್ಯಾರೇಜಿಗೆ ರಜ. ಭಾನುವಾರ ಬೆಳಗ್ಗೆ ಬೇಗ ಗಾಡಿ ತರಬೇಕೆಂದು ಮಾತಾಯಿತು. ಹೆಂಡತಿ ಅಷ್ಟರಲ್ಲೇ ಕಮ್ಮನಹಳ್ಳಿಯ ಗಿರಾಕಿಯೊಬ್ಬನಿಗೆ ಫೋನ್ ಮಾಡಿ, ಭಾನುವಾರ ಸಂಜೆ ಬರಲು ಹೇಳಿದ್ದಳು.

ಭಾನುವಾರ

ಬೆಳಕು ಹರಿಯುವ ಹೊತ್ತಿಗೆ ಕೆಳಗಿಳಿದೆ. ನಮ್ಮ ಕಟ್ಟಡದಲ್ಲಿ ಕಾರುಗಳು ಒಂದರ ಹಿಂದೊಂದು ನಿಲ್ಲುತ್ತವೆ. ಹಿಂದಿನವರು ಹೊರಡಬೇಕಾದರೆ ಮುಂದಿನ ಗಾಡಿ ಸರಿಸಬೇಕಲ್ಲ, ಅದಕ್ಕೆ ಎಲ್ಲರ ಎರಡನೇ ಕೀಲಿಯೂ ವಾಚ್‌ಮನ್ ಕೋಣೆಯ ಮೊಳೆಗಳಲ್ಲಿ ನೇತಾಡುತ್ತಿರುತ್ತದೆ. ಅಂದು ನನ್ನ ಮೊಳೆ ಖಾಲಿ.

ಕಾರಿನ ಇಂಜಿನ್ ಓಡುತ್ತಿತ್ತು. ಗಾಜುಗಳೆಲ್ಲ ಒಳಗಿನಿಂದ ಮಂಜು ಹಿಡಿದಿದ್ದವು. ಬಾಗಿಲು ಎಳೆದೆ. ಬಿಸಿಗಾಳಿಯ ಜೊತೆ ಕಾಫಿ ವಾಸನೆ ಮುಖಕ್ಕೆ ಹೊಡೆಯಿತು. ಒಳಗೆ ನಾಲ್ಕು ಮಂಕಿ ಕ್ಯಾಪುಗಳು. ಸ್ಟಿಯರಿಂಗ್ ಹಿಂದೆ ಮಾವನವರು, ಪಕ್ಕದಲ್ಲಿ ಫ್ಲಾಸ್ಕ್ ಹಿಡಿದ ಮೇಲಿನ ಮನೆಯವರು, ಹಿಂದೆ ಅವರ ವಾಕಿಂಗ್ ಗೆಳೆಯರಿಬ್ಬರು. ನಾನು ಮೌನಕ್ಕೆಂದು ಕಾಪಾಡಿಕೊಂಡಿದ್ದ ಜಾಗದಲ್ಲಿ ನಾಲ್ವರೂ ಒಟ್ಟಿಗೆ ರಾಜಕೀಯ ಮಾತಾಡುತ್ತಿದ್ದರು.

"ಬಾಗಿಲು ಹಾಕ್ರೀ, ಚಳಿ ಬರುತ್ತೆ!" ಎಂದು ಹಿಂದಿನ ಸೀಟು ಗದರಿತು.

"ಏನಿದು?" ಅಂದೆ.

"ಇಂಜಿನ್ ಬಿಸಿ ಮಾಡ್ತಿದ್ದೆ ಅಳಿಯಂದ್ರೇ," ಅಂದರು ಮಾವನವರು. "ನಮ್ಮ ಕಾಲದಲ್ಲಿ ಚಳಿಗೆ ಹಂಗೇ ಮಾಡ್ತಿದ್ವಿ. ಇಲ್ಲಾಂದ್ರೆ ಗಾಡಿ ಹಾಳಾಗುತ್ತೆ."

"ಎಷ್ಟು ಹೊತ್ತು?"

"ವಾಕಿಂಗ್ ಮುಗಿಯೋವರೆಗೂ."

ಮೇಲಿನ ಮನೆಯವರು ಗಂಭೀರವಾಗಿ ನನ್ನ ಕಡೆ ಬಾಗಿದರು. "ಒಂದು ವಿಷಯ ಹೇಳ್ಬೇಕು ಅಂತಿದ್ದೆ. ಈ ಗಾಡೀಲಿ ಪೆಟ್ರೋಲ್ ಮುಳ್ಳು ಬಹಳ ಬೇಗ ಇಳಿಯುತ್ತೆ. ಯಾರಿಗಾದ್ರೂ ತೋರಿಸಿ."

ಕೀಲಿಗೆ ಕೈ ಚಾಚಿದೆ. ಅವರು ಅದನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡರು. "ಹೊಸಬರು ಮೊದಲ ದಿನ ತಿಂಡಿ ಕೊಡಿಸ್ಬೇಕು. ಇಲ್ಲಿಯ ಪದ್ಧತಿ."

ನನ್ನ ಕಾರಿಗೆ ನಾನು ಹೊಸಬ.

ಮೇಲೆ ಬಂದಾಗ ನನ್ನ ಜೇಬಿನಲ್ಲಿ ಎರಡೂ ಕೀಲಿಗಳಿದ್ದವು. ಮಾವನವರು ಹಿಂದೆಯೇ ಬಂದು ಪೇಪರಿನಲ್ಲಿ ಮುಖ ಮುಚ್ಚಿಕೊಂಡರು.

"ಇಷ್ಟು ಬೇಗ ಬಂದ್ರಾ?" ಅಂದಳು ಹೆಂಡತಿ. "ಇಂಜಿನ್ ಬಿಚ್ಚಲಿಲ್ವಾ?"

"ಬೇಕಾಗ್ಲಿಲ್ಲ. ಸರಿಹೋಯ್ತು. ಕಮ್ಮನಹಳ್ಳಿಯವನಿಗೆ ಬರೋದು ಬೇಡ ಅಂತ ಹೇಳು."

"ಕೊನೆಗೆ ಎಷ್ಟು ಕೊಟ್ರಿ?"

ಪೇಪರು ಸಣ್ಣಗೆ ನಡುಗಿತು.

"ಐದು ಪ್ಲೇಟ್ ವಡೆ," ಅಂದೆ. "ನನಗೆ ಒಂದೂ ಉಳೀಲಿಲ್ಲ. ಎರಡು ನಿಮ್ಮಪ್ಪಂದೇ."