ಸಹಿ ಮೊದಲು, ನಡವಳಿ ಆಮೇಲೆ

ಗಲಾಟೆ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ಮದುವೆ ಮನೆಯಲ್ಲಿ ಪಲ್ಯ ಸಾಲದೆ ಬೀಗರು ಮುನಿಸಿಕೊಂಡರೆ ಅದು ಗಲಾಟೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಇಬ್ಬರು ಟವೆಲ್ ಹಾಕಿದರೆ ಅದೂ ಗಲಾಟೆ. ಕೊನೆಗೆ ಚುನಾಯಿತ ಅಧ್ಯಕ್ಷೆಯೊಬ್ಬರನ್ನು ಹಾಡಹಗಲೇ ಕೆಳಗಿಳಿಸಲು ಹೊರಟರೂ ನಮ್ಮ ಜನ ಅದೇ ಒಂದು ಮಾತಿನಲ್ಲಿ ಮುಗಿಸಿ ಮನೆಗೆ ಹೋಗುತ್ತಾರೆ. ನಾನು ಮೈಸೂರಿನಲ್ಲಿ ಎರಡು ವರ್ಷ ರಾಜ್ಯಶಾಸ್ತ್ರ ಓದಿದವನು, ತುರುವೇಕೆರೆಯ ಕಾಲೇಜಿನಲ್ಲಿ ಅದನ್ನೇ ಪಾಠ ಹೇಳಿ ಹೊಟ್ಟೆ ಹೊರೆಯುವವನು. ದೊಂಬಿಗೂ ಕ್ಷಿಪ್ರಕ್ರಾಂತಿಗೂ ಇರುವ ವ್ಯತ್ಯಾಸವೇನೆಂದು ಐದು ಅಂಕದ ಪ್ರಶ್ನೆಗೆ ಪ್ರತಿ ವರ್ಷ ಟಿಪ್ಪಣಿ ಬರೆಸಿದ್ದೇನೆ. ಆ ವ್ಯತ್ಯಾಸ ನಮ್ಮೂರಿಗೇ ನಡೆದು ಬಂದಾಗ ಅದನ್ನು ಗುರುತಿಸಿದವನು ನಾನೊಬ್ಬನೇ, ನನ್ನ ಮಾತು ಕೇಳಿದವರು ಯಾರೂ ಇಲ್ಲ.

ನೆನಪನ್ನು ನಂಬಿ ಇದನ್ನು ಬರೆಯುತ್ತಿಲ್ಲ. ನನ್ನ ನೆನಪು ಯಾವಾಗಲೂ ನನ್ನ ಪಕ್ಷವನ್ನೇ ವಹಿಸುತ್ತದೆ. ಅದಕ್ಕೇ ಡೈರಿ ಇಟ್ಟಿದ್ದೇನೆ. ಡೈರಿಯನ್ನೂ ನಾನೇ ಬರೆದದ್ದು ಎಂಬ ಅನುಮಾನ ಆಗಾಗ ಕಾಡುತ್ತದೆ, ಆ ಮಾತು ಬೇರೆ.

ಬಿಳಿಗೆರೆಗೆ ಮೂರು ಮೈಲಿ ದೂರದ ನಮ್ಮೂರಿನಲ್ಲಿ ತೆಂಗು ಬೆಳೆಗಾರರ ಸಂಘವಿದೆ. ಅದಕ್ಕೊಂದು ತಗಡಿನ ಶೆಡ್ಡು, ಒಂದು ಕೋಣೆ, ಸಭೆಯ ತೀರ್ಮಾನ ಬರೆದಿಡಲು ಒಂದು ನಡವಳಿ ಪುಸ್ತಕ, ಒಂದು ಸೀಲು. ಹರಾಜಿನ ದಿನ ತಿಪಟೂರಿಗೆ ಹೋಗುವ ಲಾರಿಗೆ ಯಾರ ಕೊಬ್ಬರಿ ಮೊದಲು ಏರಬೇಕು ಎಂದು ಸರದಿ ಹಚ್ಚುವುದೇ ಸಂಘದ ದೊಡ್ಡ ಕೆಲಸ. ಗಂಗಮ್ಮನವರು ಅಧ್ಯಕ್ಷೆಯಾದ ಮೇಲೆ ಸರದಿ ಎಂದರೆ ಸರದಿ. ಉಪಾಧ್ಯಕ್ಷ ರುದ್ರಣ್ಣನ ಚೀಲಗಳೂ ಎರಡು ಲಾರಿ ಕಾಯಬೇಕಾಯಿತು. "ನಿನ್ನ ಕೊಬ್ಬರಿಗೇನು ಕೊಂಬು ಬಂದೈತೇನಪ್ಪಾ?" ಎಂದು ಅವರು ಎಲ್ಲರೆದುರೇ ಕೇಳಿದ್ದರು. ರುದ್ರಣ್ಣ ಆ ದಿನ ನಕ್ಕುಬಿಟ್ಟ. ನಾನಾಗ ಗೌರವ ಕಾರ್ಯದರ್ಶಿ. ಆ ನಗು ನನಗೆ ಅಂದೇ ಹಿಡಿಸಲಿಲ್ಲ ಎಂದು ನೆನಪು ಹೇಳುತ್ತದೆ. ಡೈರಿಯಲ್ಲಿ ಆ ದಿನ ಹಲ್ಲುನೋವಿನ ವಿಷಯ ಮಾತ್ರ ಇದೆ.

ವಾರ್ಷಿಕ ಸಭೆ ಬಂತು. ಪಕ್ಕದ ದೇಶದಲ್ಲಿ ಸೇನೆಯವರು ಪ್ರಧಾನಿಯನ್ನು ಇಳಿಸಿದ ಸುದ್ದಿಯನ್ನು ಟೀವಿಯಲ್ಲಿ ನೋಡಿ ನಾನು ತರಗತಿಯಲ್ಲಿ ಒಂದು ಗಂಟೆ ಕೊರೆದಿದ್ದೆ. ಅದೇ ವಾರ. ಸಭೆ ಆರಂಭವಾಗಿ ಹತ್ತು ನಿಮಿಷಕ್ಕೆ ಕರೆಂಟು ಹೋಯಿತು, ಮೈಕು ಸತ್ತಿತು. ನಮ್ಮೂರಿನಲ್ಲಿ ಮೂರು ಗಂಟೆಗೆ ಕರೆಂಟು ಹೋಗುವುದು ಎಮ್ಮೆಗಳಿಗೂ ಗೊತ್ತು. ಆದರೂ ರುದ್ರಣ್ಣನ ಭಾಮೈದ ಎದ್ದು, "ಮೈಕ್ ಯಾಕ್ಲಾ ಆಫ್ ಮಾಡ್ದೆ? ನಾವು ಮಾತಾಡಬಾರ್ದಾ?" ಎಂದು ಕೂಗಿದ. ಯಾರೋ "ಕೂತ್ಕಳಲೇ" ಎಂದರು. ಶಾಮಿಯಾನದವನ ಕುರ್ಚಿಗಳು ಮೇಲೇರಿದವು. ಒಬ್ಬನ ಪಂಚೆ ಇನ್ನೊಬ್ಬನ ಕೈಗೆ ಬಂತು. ನಾನು ಬೋಂಡದ ಮೇಜಿನ ಹಿಂದೆ ನಿಂತು ಶಾಂತಿಗಾಗಿ ಮನವಿ ಮಾಡುತ್ತಿದ್ದೆ. ಮೇಜಿನ ಕೆಳಗೆ ಕೂತಿದ್ದಿರಿ ಎಂದು ನನ್ನ ಹೆಂಡತಿ ಸರ್ವಮಂಗಳೆ ಈಗಲೂ ಹೇಳುತ್ತಾಳೆ.

ಎಲ್ಲ ತಣ್ಣಗಾದಾಗ ನಡವಳಿ ಪುಸ್ತಕ ಮೇಜಿನ ಮೇಲಿರಲಿಲ್ಲ. ಕೋಣೆಯತ್ತ ಹೋದೆ. ಹೊರಗೆ ಶೆಡ್ಡಿನ ತುಂಬ ಒಂಟಿ ಚಪ್ಪಲಿಗಳು ಚೆಲ್ಲಾಡಿದ್ದವು. ಕೋಣೆಯ ಬಾಗಿಲಲ್ಲಿ ಮಾತ್ರ ಐದು ಜೊತೆ ಚಪ್ಪಲಿ ಸಾಲಾಗಿ ಬಿಟ್ಟಿದ್ದರು. ಒಳಗೆ ರುದ್ರಣ್ಣ ಮತ್ತು ನಾಲ್ವರು ನಿರ್ದೇಶಕರು ಕಾಫಿ ಮುಗಿಸಿ ಬರೆಯುತ್ತಿದ್ದರು. ಬರೆದದ್ದು ಇಷ್ಟು: ಮಂಡಿನೋವಿನ ನಿಮಿತ್ತ ಅಧ್ಯಕ್ಷೆಯವರು ರಾಜೀನಾಮೆ ನೀಡಿದ್ದು, ಸಭೆಯು ಸರ್ವಾನುಮತದಿಂದ ಅದನ್ನು ಅಂಗೀಕರಿಸಿ ಉಪಾಧ್ಯಕ್ಷರಿಗೆ ಅಧಿಕಾರ ವಹಿಸಿದೆ. ಕೆಳಗೆ ಐವತ್ತೆಂಟು ಸಹಿ.

"ಇದು ಅನ್ಯಾಯ!" ಎಂದೆ.

"ಅನ್ಯಾಯ ಎಲ್ಲಿ ಬಂತು ಮೇಷ್ಟ್ರೇ? ಮೂರನೇ ಸಹಿ ನಿಮ್ದೇ ಕಣ್ರೀ. ಒಂದನೇದು ಗಂಗಮ್ಮಂದು," ಎಂದ ರುದ್ರಣ್ಣ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಸಂಘದಲ್ಲಿ ಬಾಗಿಲಲ್ಲೇ ಖಾಲಿ ಹಾಳೆಗೆ ಸಹಿ ಹಾಕಬೇಕು, ಹಾಕಿದವರಿಗೆ ಕಾಫಿ ಬೋಂಡದ ಚೀಟಿ. ಸಭೆ ಮುಗಿದ ಮೇಲೆ ಮೇಲಿನ ಖಾಲಿ ಜಾಗದಲ್ಲಿ ನಡವಳಿ ಬರೆಯುವುದು. ಚೀಟಿಯ ಆಸೆಗೆ ಯಾರೂ ತಪ್ಪಿಸುವುದಿಲ್ಲ, ಸಹಿಗಾಗಿ ಆಮೇಲೆ ಮನೆ ಮನೆ ಅಲೆಯುವ ಕಷ್ಟವೂ ಇಲ್ಲ.

ಆ ಹಾಳೆಗೆ ಸೀಲೂ ಬಿದ್ದಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಅದು ಗಂಗಮ್ಮನವರ ಎಲೆಅಡಿಕೆ ಚೀಲದಲ್ಲಿತ್ತು, ಚೀಲ ಅವರ ಸೊಂಟದಲ್ಲಿತ್ತು, ಅವರ ಸೊಂಟಕ್ಕೆ ಕೈ ಹಾಕುವ ಗಂಡಸು ನಮ್ಮ ಹೋಬಳಿಯಲ್ಲಿ ಹುಟ್ಟಿಲ್ಲ. ಹಾಗಾಗಿ ಇದನ್ನು ಕ್ಷಿಪ್ರಕ್ರಾಂತಿ ಎನ್ನದೆ ಅದರ ಪ್ರಯತ್ನ ಎನ್ನುತ್ತೇನೆ.

ಮರುದಿನ ಬೆಳಿಗ್ಗೆ ಸ್ಟೇಷನ್ನಿನಿಂದ ದಫೇದಾರರು ಬಂದರು. "ಎಷ್ಟು ಜನಕ್ಕೆ ಏಟಾಗೈತೆ?" ಎಂದು ಕೇಳಿದರು.

"ಏಟಿನ ವಿಷಯ ಅಲ್ಲ ಸಾರ್," ಎಂದು ನಾನು ಶುರು ಮಾಡಿದೆ. ದೊಂಬಿಯವನಿಗೆ ತನಗೇನು ಬೇಕೆಂದು ತಿಳಿದಿರುವುದಿಲ್ಲ, ಕೈಗೆ ಸಿಕ್ಕಿದ್ದನ್ನು ಮುರಿಯುತ್ತಾನೆ. ಗಾಳಿ ಬಂದರೆ ಎಳಸು ಬಲಿತದ್ದು ಎನ್ನದೆ ಕಾಯಿ ಉದುರುವ ಹಾಗೆ. ಕ್ಷಿಪ್ರಕ್ರಾಂತಿಯವನು ಮರ ಹತ್ತಿ, ಬಲಿತ ಗೊನೆ ನೋಡಿ, ಅದನ್ನೇ ಕೆಡವುತ್ತಾನೆ. ಅವನು ಏನನ್ನೂ ಮುರಿಯುವುದಿಲ್ಲ, ಪುಸ್ತಕವನ್ನು ಮಡಿಕೆ ಬೀಳದ ಹಾಗೆ ಎತ್ತಿಕೊಳ್ಳುತ್ತಾನೆ. ಐದು ಜೊತೆ ಚಪ್ಪಲಿಯ ಸಾಕ್ಷ್ಯವನ್ನೂ ಮುಂದಿಟ್ಟೆ. "ಆದ್ದರಿಂದ ಇದು ಕ್ಷಿಪ್ರಕ್ರಾಂತಿಯ ಯತ್ನ. ಹಾಗೆಂದೇ ಬರೆದುಕೊಳ್ಳಿ."

ದಫೇದಾರರು ಪೆನ್ನಿನ ಹಿಂಬದಿಯಿಂದ ಕಿವಿ ತುರಿಸಿಕೊಂಡರು. "ಅದಕ್ಕೆ ಯಾವ ಸೆಕ್ಷನ್ನು ಮೇಷ್ಟ್ರೇ?"

ಐದು ಅಂಕದ ಉತ್ತರದಲ್ಲಿ ಸೆಕ್ಷನ್ ಬರುವುದಿಲ್ಲ.

"ಹಂಗಾರೆ ಗಲಾಟೆ," ಎಂದು ಅವರು ಬರೆದರು. "ಎರಡೂ ಕಡೆಯವರದ್ದೂ ತಪ್ಪು. ಬುಡಿ, ಒಂದೂರಿನೋರು."

ಸಿಟ್ಟು ಬಂದದ್ದು ಇಲ್ಲಿ. ಗಲಾಟೆ ಎಂದು ಬರೆದರೆ ಎರಡು ಕಡೆಯಾಗುತ್ತದೆ, ಎರಡು ಕಡೆಯಾದರೆ ರಾಜಿಯಾಗುತ್ತದೆ, ರಾಜಿಯಾದರೆ ಆ ಹಾಳೆ ಹಾಗೇ ಉಳಿಯುತ್ತದೆ. ಸಹಕಾರ ಇಲಾಖೆಯ ಅಧಿಕಾರಿಯೂ ಅದನ್ನೇ ಹೇಳಿದರು: ಕುರ್ಚಿ ಎಸೆದದ್ದು ತಪ್ಪು, ಸರಿ, ಆದರೆ ಠರಾವು ಕ್ರಮಬದ್ಧವಾಗಿದೆ. ಸೀಲು ತಂದೊಪ್ಪಿಸಲು ಗಂಗಮ್ಮನವರಿಗೆ ಸೋಮವಾರದವರೆಗೆ ಗಡುವು ಕೊಟ್ಟರು.

ಗಂಗಮ್ಮನವರು ನಮ್ಮ ಮನೆಗೆ ಬಂದು ಜಗುಲಿಯ ಮೇಲೆ ಕೂತರು. "ನನಗೆ ಮಂಡಿನೋವು ಇರೋದು ದಿಟ. ಮಂಡಿನೋವಿಗೆ ಯಾರಾದ್ರೂ ರಾಜೀನಾಮೆ ಕೊಡ್ತಾರಾ ಮೇಷ್ಟ್ರೇ? ನಾನು ಹೋದ್ರೆ ಹೋಯ್ತು. ಆದ್ರೆ ಎಂಟತ್ತು ಮರ ಇರೋರ ಚೀಲ ಮತ್ತೆ ಕೊನೇ ಲಾರಿಗೆ ಹೋಗ್ತವೆ. ನೀವೊಂದು ಕಾಗದ ಬರ್ಕೊಡಿ. ನಮ್ಮಲ್ಲಿ ಸಹಿ ಮೊದ್ಲು, ಬರೆಯೋದು ಆಮೇಲೆ, ಮೊದಲಿಂದ್ಲೂ ಹಿಂಗೇ ಅಂತ."

"ಮೊದಲಿನಿಂದಲೂ ಹಾಗೇನಿಲ್ಲ, ಯಾರೋ ನಡುವೆ ತಂದ ಪದ್ಧತಿ," ಎಂದೆ.

ಒಳಗಿನಿಂದ ಸರ್ವಮಂಗಳೆ, "ನೀವೇ ತಂದಿದ್ದು ಕಣ್ರೀ. ಕಾಫಿ ಚೀಟಿ ನಾನೇ ಕತ್ತರಿಸಿಕೊಟ್ಟಿದ್ದೆ," ಎಂದಳು.

ನಂಬಲಿಲ್ಲ. ಹಳೆಯ ಡೈರಿ ತೆಗೆದೆ. ನಾಲ್ಕು ವರ್ಷದ ಹಿಂದಿನ ಪುಟ, ನನ್ನದೇ ಅಕ್ಷರ: "ಇಂದಿನಿಂದ ಸಹಿ ಮೊದಲು ಎಂಬ ನನ್ನ ಸಲಹೆ ಜಾರಿಗೆ ಬಂತು. ಎಲ್ಲರೂ ಮೆಚ್ಚಿದರು. ಬೋಂಡ ಸಾಲದೆ ಸಣ್ಣ ಗಲಾಟೆ. ಆ ಹೊತ್ತಿಗೆ ಕೋಣೆಯಲ್ಲಿ ಕೂತು ಮೂರು ಠರಾವು ಬರೆದು ಮುಗಿಸಿದೆ." ಆ ಮೂರನೆಯ ಠರಾವಿನಲ್ಲೇ ನಾನು ಸರ್ವಾನುಮತದಿಂದ ಗೌರವ ಕಾರ್ಯದರ್ಶಿಯಾಗಿದ್ದೆ. ಅಂದು ಇಡೀ ಶೆಡ್ಡು ನನ್ನ ಹೆಸರು ಕೂಗಿದ್ದು ನೆನಪಿದೆ. ಡೈರಿಯಲ್ಲಿ ಅದಿಲ್ಲ. ಅವರು ಬಹುಶಃ ಬೋಂಡ ಎಂದು ಕೂಗುತ್ತಿದ್ದರು.

ಹಿಂದೆ ಮುಂದೆ ನೋಡಿದೆ. ಆ ಕಾಗದ ಬರೆದರೆ ರುದ್ರಣ್ಣನ ಠರಾವಿನ ಜೊತೆ ನನ್ನದೂ ಹೋಗುತ್ತದೆ. ಗಂಗಮ್ಮನವರು ಮಂಡಿ ನೀವಿಕೊಳ್ಳುತ್ತ ಕೂತಿದ್ದರು. ಬರೆದುಕೊಟ್ಟೆ. ಪದ್ಧತಿ ತಂದವನು ನಾನೇ ಎಂಬುದನ್ನೂ ಸೇರಿಸಿದೆ, ಸಾಕಷ್ಟು ಸಣ್ಣ ಅಕ್ಷರದಲ್ಲಿ.

ಅಧಿಕಾರಿಗಳು ಆ ಠರಾವನ್ನು ರದ್ದು ಮಾಡಿದರು. ಗಂಗಮ್ಮನವರು ಉಳಿದರು, ರುದ್ರಣ್ಣನ ಚೀಲಗಳು ಮತ್ತೆ ಸರದಿಗೆ ನಿಂತವು. ಮುಂದಿನ ಸಭೆಯಿಂದ ಹೊಸ ನಿಯಮ: ಮೊದಲು ಬರೆಯುವುದು, ಗಟ್ಟಿಯಾಗಿ ಓದುವುದು, ಆಮೇಲೆ ಸಹಿ, ಕಡೆಗೆ ಕಾಫಿ. ಗಂಗಮ್ಮನವರೇ ಮೊದಲ ಠರಾವನ್ನು ಓದಿಸಿದರು. ಪಾಠದ ಒತ್ತಡದ ನಿಮಿತ್ತ ಗೌರವ ಕಾರ್ಯದರ್ಶಿಗಳು ರಾಜೀನಾಮೆ ನೀಡಿದ್ದು, ಸಭೆ ಅದನ್ನು ವಿಷಾದದಿಂದ ಅಂಗೀಕರಿಸಿದೆ.

ನಾನು ಯಾವ ರಾಜೀನಾಮೆಯನ್ನೂ ಕೊಟ್ಟಿರಲಿಲ್ಲ. ಸುತ್ತ ನೋಡಿದೆ. ಐವತ್ತೇಳು ಕೈ ಮೇಲಿದ್ದವು. ಒಂದು ಕುರ್ಚಿಯೂ ಅಲುಗಲಿಲ್ಲ. ಕರೆಂಟೂ ಇತ್ತು. ಪುಸ್ತಕ ನನ್ನ ಮುಂದೆ ಬಂದಾಗ ಎರಡು ಸಲ ಓದಿದೆ, ಕ್ರಮದಲ್ಲಿ ಒಂದು ದೋಷವೂ ಸಿಗಲಿಲ್ಲ. ಸಹಿ ಹಾಕಿದೆ. ಹಾಕದಿದ್ದರೆ ಕಾಫಿ ಇರಲಿಲ್ಲ.