ಕಾಶಿಯಲ್ಲಿ ನಾನು ಮಾಡಿದ ರಾಜೀನಾಮೆ

ನನಗೆ ಹಿಂದಿ ಚೆನ್ನಾಗಿ ಬರುತ್ತದೆ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಎಪ್ಪತ್ತರ ದಶಕದಲ್ಲಿ ರೈಲ್ವೆ ಕಚೇರಿಯ ಕೆಲಸಕ್ಕೆಂದು ಗದಗ ಬಿಟ್ಟು ಬನಾರಸಿಗೆ ಬಂದಿದ್ದೆ. ರಿಕ್ಷಾದವನೊಡನೆ ಜಗಳ ಕಾಯುವಷ್ಟು, ತರಕಾರಿಯವಳೊಡನೆ ಚೌಕಾಸಿ ಮಾಡುವಷ್ಟು ಹಿಂದಿ ಕಲಿತಿದ್ದೆ. ಮನುಷ್ಯನಿಗೆ ಇನ್ನೆಷ್ಟು ಬೇಕು?

ಹಾಗಿರುವಾಗ ಒಂದು ವರ್ಷ ನಮ್ಮ ಪುಟ್ಟ ಚರ್ಚಿನವರು ನನ್ನನ್ನು ಸಭೆಯ ಹಿರಿಯನನ್ನಾಗಿ, ಅಂದರೆ ಚರ್ಚಿನ ಕಮಿಟಿಯ ಸದಸ್ಯನನ್ನಾಗಿ, ಆರಿಸಿದರು. ಬೇರೆ ಯಾರೂ ಒಪ್ಪದಿದ್ದುದರಿಂದ ಆರಿಸಿದರು ಎಂಬುದು ಆಮೇಲೆ ತಿಳಿಯಿತು.

ಮೊದಲ ಕಮಿಟಿ ಸಭೆಯಲ್ಲೇ ಎದ್ದು ನಿಂತು, ಸಭಾಪಾಲಕನ, ಅಂದರೆ ಪಾದ್ರಿಯ, ಕರ್ತವ್ಯಗಳ ಬಗ್ಗೆ ಗಂಭೀರವಾದ ಭಾಷಣ ಬಿಗಿದೆ. "ಕುರಿ ಕಾಯುವವನು ಪ್ರತಿಯೊಂದು ಕುರಿಯನ್ನೂ ವಿಚಾರಿಸಿಕೊಳ್ಳಬೇಕು. ನಮ್ಮ ಪಾದ್ರಿ ಸಾಹೇಬರು ನಮ್ಮ ಮನೆಗೆ ಒಮ್ಮೆಯೂ ಬಂದಿಲ್ಲ!"

ಪಾದ್ರಿ ಸಾಹೇಬರು ಸಣಕಲು ಮನುಷ್ಯ. ಹಳೆಯ ಸೈಕಲ್ಲಿನ ಮೇಲೆ ಊರೆಲ್ಲ ಸುತ್ತುವವರು. ತಲೆ ತಗ್ಗಿಸಿದರು. ಎದ್ದವರು ಲಾಲ್ ಸಾಹೇಬರು, ನಿವೃತ್ತ ಹೆಡ್‌ಮಾಸ್ಟರು, ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುವವರು.

"ಪಾದ್ರಿ ಸಾಹೇಬರು ಏನು ಮಾಡಬೇಕು ಅಂತ ಹೇಳಿದಿರಿ. ನಾವೇನು ಮಾಡಬೇಕು ಅಂತಲೂ ಹೇಳಿ. ಚಳಿಗಾಲದಲ್ಲಿ ಅವರು ಜ್ವರ ಬಂದು ಮಲಗಿದ್ದಾಗ ನೀವು ನೋಡಲು ಹೋಗಿದ್ದಿರಾ?"

"ನನಗೆ ಯಾರೂ ತಿಳಿಸಲಿಲ್ಲ."

"ತಿಂಗಳಿಡೀ ಬೇರೆಯವರು ನಿಂತು ಉಪದೇಶದ ಪ್ರಸಂಗ ಮಾಡಿದರಲ್ಲ, ಕಾಣಲಿಲ್ಲವೇ?"

"ಧ್ವನಿ ಬದಲಾದ ಹಾಗೆ ಅನ್ನಿಸಿತ್ತು" ಎಂದುಬಿಟ್ಟೆ!

ಪ್ರಸಂಗದ ಹೊತ್ತಿನಲ್ಲಿ ನಾನು ಕಣ್ಣು ಮುಚ್ಚಿ ಕೂರುವುದು ಧ್ಯಾನಕ್ಕಲ್ಲ ಎಂಬುದು ಎಲ್ಲರಿಗೂ ತಿಳಿದುಹೋಯಿತು. ನಗು ಎದ್ದಿತು. ನನಗೆ ಸಿಟ್ಟು ಬಂತು. "ನಿಮ್ಮ ಹೆಡ್‌ಮಾಸ್ಟರ್‌ಗಿರಿ ಶಾಲೆಯಲ್ಲೇ ಇರಲಿ" ಎಂದೆ. ಲಾಲ್ ಸಾಹೇಬರು ಕೊಡೆ ಎತ್ತಿಕೊಂಡು ಹೊರಟುಹೋದರು. ಮುಂದಿನ ಭಾನುವಾರ ಚರ್ಚಿಗೆ ಬರಲಿಲ್ಲ. ಹಾರ್ಮೋನಿಯಂ ಇಲ್ಲದೆ ಒಬ್ಬೊಬ್ಬರದು ಒಂದೊಂದು ರಾಗವಾಯಿತು.

ಮನೆಯಲ್ಲಿ ನನ್ನ ಪರಾಕ್ರಮವನ್ನು ಹೆಂಡತಿ ಕರುಣಾಳ ಮುಂದೆ ಹೇಳಿದೆ.

"ಪಾದ್ರಿಯವರು ಬರೂದಿಲ್ಲ ಅಂತ ಯಾರು ಹೇಳಿದ್ರು ನಿಮಗ?" ಎಂದಳು. "ಶನಿವಾರ ಸಂಜಿಗೆ ಬಂದು ಪ್ರಾರ್ಥನಾ ಮಾಡಿ ಹೋಗ್ತಾರ. ಆಗ ನೀವು ಕೇದಾರ ಘಾಟಿಗೆ ದ್ವಾಸಿ ತಿನ್ನಾಕ ಹೋಗಿರ್ತೀರಿ."

"ನನಗ ಯಾಕ ಹೇಳಲಿಲ್ಲ?"

"ಹೇಳೇನಿ. ನೀವು ರೇಡಿಯೋ ಕೇಳಾಕತ್ತಿದ್ರಿ."

ಆದರೆ ತುಂಬಿದ ಕಮಿಟಿಯಲ್ಲಿ ಆಡಿದ ಮಾತನ್ನು ಹಿರಿಯನಾದವನು ಹಿಂತೆಗೆದುಕೊಳ್ಳುವುದುಂಟೆ? ರೇಡಿಯೋದ ದನಿ ಏರಿಸಿದೆ.

ಕೆಲವು ದಿನಗಳ ಮೇಲೆ ಪಾದ್ರಿ ಸಾಹೇಬರೇ ನಾನು ಮನೆಯಲ್ಲಿರುವ ಹೊತ್ತು ನೋಡಿ ಬಂದರು. ಚಹಾ ಕುಡಿದರು. ಆಮೇಲೆ ಮೆಲ್ಲಗೆ, "ಲಾಲ್ ಸಾಹಬ್ ಬಹುತ್ ದುಖೀ ಹೈಂ. ಇತ್ವಾರ್ ಸೆ ಪೆಹಲೆ ರಾಜೀನಾಮಾ ಕರ್ ಲೀಜಿಯೆ, ಭಾಈ" ಎಂದರು.

ಲಾಲ್ ಸಾಹೇಬರಿಗೆ ದುಃಖವಾಗಿದೆಯಂತೆ. ಅದಕ್ಕೆ ಭಾನುವಾರದೊಳಗೆ ನನ್ನ ರಾಜೀನಾಮೆ! ಅವರು ಪ್ರಾರ್ಥನೆ ಮಾಡಿ, ನನ್ನ ಭುಜ ತಟ್ಟಿ, ನಗುನಗುತ್ತಾ ಸೈಕಲ್ ಹತ್ತಿದರು.

"ಅವರು ಹಂಗ ಅನ್ನೂ ಮನುಷ್ಯಾ ಅಲ್ಲ" ಎಂದಳು ಕರುಣಾ. "ಇನ್ನೊಮ್ಮೆ ಸರಿಯಾಗಿ ಕೇಳ್ರಿ."

"ನನಗ ಹಿಂದಿ ಬರ್ತದ!"

ಸದಸ್ಯರ ಬೆಂಬಲ ಗಳಿಸಲು ಮರುದಿನವೇ ಮನೆಮನೆಗೆ ಹೊರಟೆ. ಮೊದಲು ನಿವೃತ್ತ ನರ್ಸ್, ಇಡೀ ಸಭೆಗೇ ಬುವಾ ಅಂದರೆ ಸೋದರತ್ತೆಯಾಗಿದ್ದ ಶಾಂತಿ ಬುವಾ ಅವರ ಮನೆ. ಮಂಡಿನೋವಿನಿಂದ ಅವರು ಹೊಸಿಲು ದಾಟಿ ಬಹಳ ದಿನವಾಗಿತ್ತು. ಔಷಧಿಯನ್ನು ಪಾದ್ರಿ ಸಾಹೇಬರೇ ತಂದುಕೊಡುತ್ತಿದ್ದರಂತೆ. "ಪಾದ್ರಿ ಸಾಹೇಬರು ನನಗೆ ರಾಜೀನಾಮಾ ಮಾಡು ಅಂದಿದ್ದಾರೆ" ಎಂದು ದೂರು ಹೇಳಿದೆ.

ಬುವಾ ಎರಡೂ ಕೈ ಮೇಲೆತ್ತಿದರು. "ಪ್ರಭುವಿಗೆ ಸ್ತೋತ್ರ! ಮಾಡಿಬಿಡು ಬೇಟಾ, ತಡ ಮಾಡಬೇಡ. ನಾನು ಇದಕ್ಕೇ ಪ್ರಾರ್ಥನೆ ಮಾಡುತ್ತಿದ್ದೆ." ನನ್ನ ಬಾಯಿಗೆ ಒಂದು ಲಡ್ಡು ತುರುಕಿದರು!

ಅಲ್ಲಿಂದ ಕಂಪೌಂಡರ್ ಒಬ್ಬರ ಮನೆಗೆ ಹೋದೆ. ಅವರೂ ಕೈಕುಲುಕಿ, "ಬಹಳ ಒಳ್ಳೆಯ ಸುದ್ದಿ. ಹೇಳಲು ನೀವೇ ಬಂದಿರಲ್ಲ, ದೊಡ್ಡ ಮನಸ್ಸು" ಎಂದರು. "ಹಿರಿಯರೊಬ್ಬರು ನಮ್ಮ ಮನೆಗೆ ಬಂದದ್ದು ಇದೇ ಮೊದಲು" ಎಂದು ಹೆಂಡತಿಯನ್ನೂ ಕರೆದು ತೋರಿಸಿದರು. ಹೋದ ಕಡೆಯಲ್ಲೆಲ್ಲ ಇದೇ ಕಥೆ. ನಾನು ತೊಲಗುತ್ತೇನೆಂದರೆ ಇಡೀ ಸಭೆಗೆ ಹಬ್ಬ! ರೋಷದಿಂದ, "ಭಾನುವಾರ ಎಲ್ಲರೆದುರೇ ಮಾಡುತ್ತೇನೆ" ಎಂದು ಹೇಳಿ ಬಂದೆ.

ಭಾನುವಾರ ಚರ್ಚು ಎಂದಿಗಿಂತ ತುಂಬಿತ್ತು. ಬುವಾ ರಿಕ್ಷಾ ಮಾಡಿಸಿಕೊಂಡು ಬಂದು ಕರುಣಾಳ ಪಕ್ಕದಲ್ಲಿ ಕೂತಿದ್ದರು. ಹಿಂದಿನ ಬೆಂಚಿನಲ್ಲಿ ಲಾಲ್ ಸಾಹೇಬರು! ನಾನು ಎದ್ದು ನಿಂತೆ. ಯಾರಾದರೂ ಒಬ್ಬರು "ಬೇಡ, ಬೇಡ" ಎಂದಾರು ಎಂಬ ಆಸೆ ಇನ್ನೂ ಇತ್ತು.

"ಭಾಯಿಯೋ ಔರ್ ಬೆಹನೋ, ಮೈಂ ರಾಜೀನಾಮಾ ಕರ್ತಾ ಹೂಂ!"

ಚಪ್ಪಾಳೆ! ಲಾಲ್ ಸಾಹೇಬರು ದಡದಡ ಬಂದು ನನ್ನನ್ನು ಬಿಗಿಯಾಗಿ ಅಪ್ಪಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

"ನಾನು ಹೋಗುವುದು ನಿಮಗೆ ಇಷ್ಟೊಂದು ಸಂತೋಷವೇ?" ಎಂದು ಅವರ ಅಪ್ಪುಗೆಯೊಳಗಿಂದಲೇ ಕೇಳಿದೆ.

"ಹೋಗುವುದಾ? ಎಲ್ಲಿಗೆ?"

ಅಷ್ಟರಲ್ಲಿ ಹೆಂಗಸರ ಕಡೆಯಿಂದ ಕರುಣಾಳ ದನಿ ಕನ್ನಡದಲ್ಲಿ ತೇಲಿಬಂತು. "ಏನ್ರೀ! ಇಲ್ಲೆ ರಾಜೀನಾಮಾ ಅಂದ್ರ ರಾಜಿ ಆಗೂದಂತ! ಬುವಾ ಈಗ ಹೇಳಿದ್ರು. ಬಾಯಿ ಮುಚ್ಚಿಕೊಂಡು ಅಪ್ಪಿಕೊಳ್ರಿ!"

ಅಪ್ಪಿಕೊಂಡೆ. ಅರ್ಧ ಪ್ರೀತಿಯಿಂದ, ಇನ್ನರ್ಧ, ಮುಖ ಮರೆಸಿಕೊಳ್ಳಲು. "ನಾನೂ ಎಲ್ಲರೆದುರು ಹಾಗೆ ಕೇಳಬಾರದಿತ್ತು" ಎಂದರು ಲಾಲ್ ಸಾಹೇಬರು. ಕಣ್ಣೊರೆಸಿಕೊಂಡು ಹಾರ್ಮೋನಿಯಂ ಮುಂದೆ ಹೋಗಿ ಕೂತರು.

ಆ ದಿನ ಹಾಡುವಾಗ ನನ್ನ ಕಣ್ಣು ಪಾದ್ರಿ ಸಾಹೇಬರ ಮೇಲೆಯೇ ಇತ್ತು. ನಾನು ಅವಮಾನ ಮಾಡಿದ್ದು ಪಾದ್ರಿ ಸಾಹೇಬರಿಗೆ. ಅವರೋ ತಮ್ಮ ನೋವಿನ ಮಾತೆತ್ತದೆ ಲಾಲ್ ಸಾಹೇಬರ ನೋವನ್ನು ಹೊತ್ತುಕೊಂಡು ನನ್ನ ಮನೆಗೆ ಬಂದಿದ್ದರು. ಪಾಲಕನು ನಮಗೇನು ಮಾಡಬೇಕೆಂಬುದು ನನಗೆ ಬಾಯಿಪಾಠವಾಗಿತ್ತು. ಅವರಿಗೂ ಜ್ವರ ಬರುತ್ತದೆ, ಆಗ ಬಾಗಿಲು ತಟ್ಟುವವರು ಬೇಕು ಎಂಬುದು ಹೊಳೆದೇ ಇರಲಿಲ್ಲ.

ಮುಂದಿನ ಶನಿವಾರ ದೋಸೆಯನ್ನು ತ್ಯಾಗ ಮಾಡಿ ಮನೆಯಲ್ಲೇ ಉಳಿದೆ. ಕ್ಷಮೆ ಕೇಳಲು ಉದ್ದವಾದ ಭಾಷಣವೊಂದನ್ನು ಹಿಂದಿಯಲ್ಲೇ ಸಿದ್ಧಮಾಡಿಟ್ಟುಕೊಂಡಿದ್ದೆ. ಪಾದ್ರಿ ಸಾಹೇಬರು ಬಿಸಿಲಲ್ಲಿ ಬೆಂದು ಬಂದು ಕುರ್ಚಿಯಲ್ಲಿ ಕೂತರು. ನಾನು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು. ಕರುಣಾ ಬಾಯಿಯ ಮೇಲೆ ಬೆರಳಿಟ್ಟು ನನ್ನತ್ತ ಕಣ್ಣು ಬಿಟ್ಟಳು. ನಾನು ಬೀಸಣಿಗೆ ತೆಗೆದುಕೊಂಡು ಮೆಲ್ಲಗೆ ಗಾಳಿ ಹಾಕುತ್ತಾ ಕೂತೆ.

ಸುಮಾರು ಹೊತ್ತಾದ ಮೇಲೆ ಎಚ್ಚರಗೊಂಡು ಸಂಕೋಚದಿಂದ ನಕ್ಕರು. "ಬಹಳ ದಿನಗಳ ಮೇಲೆ ಇಂಥ ಆರಾಮ ಸಿಕ್ಕಿತು ಭಾಈ. ಎಲ್ಲ ಮನೆಗಳಲ್ಲೂ ಎಲ್ಲರೂ ನನಗೆ ಏನಾದರೂ ಹೇಳುತ್ತಲೇ ಇರುತ್ತಾರೆ."

ನಾನು ಹಿರಿಯನಾಗಿ ಆ ಸಭೆಗೆ ಹಲವು ವರ್ಷ ದುಡಿದೆ. ಅತ್ಯುತ್ತಮ ಸೇವೆ ಯಾವುದೆಂದು ಕೇಳಿದರೆ, ಆ ಸಂಜೆ ಬಾಯಿ ಬಿಡದೆ ಕೂತದ್ದು ಎಂದೇ ಹೇಳಬೇಕು. ಅದೂ ನನ್ನ ಹೆಂಡತಿ ಕಣ್ಣು ಬಿಟ್ಟಿದ್ದರಿಂದ!